ಚಕ್ರದ ಮೇಲಿನ ಹೆಬ್ಬೆಟ್ಟು

ಪ್ರತಿ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ, ಬೀದಿಯವರೆಲ್ಲ ಕನ್ನಡಿ ಎಂದು ಕರೆಯುವ ಪಕ್ಕದ ಅಂಗಡಿಯವನು ನನ್ನ ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಕೈಯಲ್ಲಿ ಎರಡು ಲೋಟ ಚಹಾ. ಒಂದನ್ನು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟು, ಬಾಗಿಲಿಗೆ ಒರಗಿ, ಬೀದಿಯ ಕಡೆ ಮುಖ ಮಾಡಿ ಕೇಳುತ್ತಿದ್ದ:

“ಅಲ್ಲಿ ಮಳೆಯಂತಾ?”

ಅಲ್ಲಿ ಅಂದರೆ ಎಲ್ಲಿ, ಅಲ್ಲಿಯ ಮಳೆಯಿಂದ ನಿನಗೇನಾಗಬೇಕು ಎಂದು ನಾನು ಕೇಳುತ್ತಿರಲಿಲ್ಲ. ಅದು ಅವನ ತಂಗಿ ಪಾಪು ಇರುವ ಊರು. ಬಸ್ಸಿನಲ್ಲಿ ಹತ್ತು ತಾಸಿನ ದಾರಿ. ಭಾನುವಾರ ಮಧ್ಯಾಹ್ನ ಅವಳು ನನಗೆ ಫೋನ್ ಮಾಡುತ್ತಾಳೆ ಎಂಬುದು ಅವನಿಗೆ ಗೊತ್ತು. ಅವನಿಗೆ ಮಾಡುವುದಿಲ್ಲ ಎಂಬುದು ನನಗೆ ಗೊತ್ತು. “ಹೂಂ, ಮಳೆಯಂತೆ” ಅಂದರೆ, “ಕೆಲವರಿಗೆ ಛತ್ರಿ ಹಿಡಿದು ನಡೆಯೋ ಅಭ್ಯಾಸವೇ ಇಲ್ಲ” ಎಂದು ಬೀದಿಗೆ ಹೇಳುತ್ತಿದ್ದ. “ಇಲ್ಲ, ಬಿಸಿಲಂತೆ” ಅಂದರೆ, “ಕೆಲವರಿಗೆ ಬಿಸಿಲಲ್ಲಿ ತಲೆನೋವು ಬರುತ್ತೆ.” ಆ ಕೆಲವರು ಒಬ್ಬಳೇ. ಒಂಬತ್ತು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವನ ಬಾಯಿಂದ ಅವಳ ಹೆಸರು ಹೊರಗೆ ಬರಲಿಲ್ಲ. ಚಹಾ ಮಾತ್ರ ಒಂದು ಸೋಮವಾರವೂ ತಪ್ಪಲಿಲ್ಲ.

ನಾನು ಬೈಕಿನ ಸೀಟು ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಅವರ ಯಂತ್ರ, ಅವರ ಕತ್ತರಿ, ಅವರ ಗಿರಾಕಿಗಳು, ಅವರ ಮುಂಗೋಪ ಎಲ್ಲವೂ ನನ್ನ ಪಾಲಿಗೇ ಬಂದವು. ನಮ್ಮ ಬೀದಿ ಪೂರ್ತಿ ಬೈಕಿನದ್ದೇ. ಒಬ್ಬ ಪಂಚರ್ ಹಾಕುತ್ತಾನೆ, ಒಬ್ಬ ಟ್ಯಾಂಕಿಗೆ ಬಣ್ಣ ಹೊಡೆಯುತ್ತಾನೆ, ಒಬ್ಬ ಸೈಲೆನ್ಸರ್ ಬೆಸೆಯುತ್ತಾನೆ. ಕನ್ನಡಿಯ ಅಂಗಡಿ ನನ್ನದಕ್ಕೆ ಅಂಟಿಕೊಂಡೇ ಇದೆ. ನಡುವೆ ಇರುವುದು ಹಲಗೆಯ ಗೋಡೆ. ಅವನ ಉಜ್ಜುವ ಮೋಟರ್ ಶುರುವಾದರೆ ನನ್ನ ಸೂಜಿ ನಡುಗುತ್ತದೆ, ನನ್ನ ಬೈಗುಳ ಶುರುವಾದರೆ ಅವನ ಮೋಟರ್ ನಿಲ್ಲುತ್ತದೆ. ಹೀಗೆ ಇಪ್ಪತ್ತೆರಡು ವರ್ಷದಿಂದ ನೆರೆಹೊರೆ ಸುಸೂತ್ರವಾಗಿ ಸಾಗಿದೆ.

ಅವನ ಕೆಲಸ ಬೈಕಿನ ಅಲಾಯ್ ಚಕ್ರಗಳನ್ನು ತೊಳೆದು ಹೊಳಪು ಕೊಡುವುದು. ಅವನು ಉಜ್ಜಿದ ಚಕ್ರದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅದಕ್ಕೇ ಅವನಿಗೆ ಆ ಹೆಸರು. ಅದೇನು ಮಹಾ ಕೆಲಸ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಒಂದು ದಿನ ಪೂರ್ತಿ ಕೂತು ನೋಡಿದ ಮೇಲೆ ನನ್ನ ಬಾಯಿ ಮುಚ್ಚಿತು. ಮೊದಲು ಟೈರ್ ಬಿಚ್ಚಬೇಕು. ಚೈನಿನ ಗ್ರೀಸು ಕಪ್ಪಗೆ ಗಟ್ಟಿಯಾಗಿ ಹಿಡಿದಿರುತ್ತದೆ, ಅದನ್ನು ಸೀಮೆಎಣ್ಣೆ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಬೇಕು. ಬ್ರೇಕಿನ ಪುಡಿ ಬೇರೆ ಥರ. ಅದು ಲೋಹದೊಳಗೇ ಸೇರಿಕೊಂಡಿರುತ್ತದೆ, ಸೋಪಿನ ನೀರಿಗೆ ಜಗ್ಗುವುದಿಲ್ಲ. ಆಮೇಲೆ ನೀರು ಹಾಕಿ ಉಜ್ಜುವ ಮರಳು ಕಾಗದ. ಮೊದಲು ಒರಟಾದದ್ದು, ಆಮೇಲೆ ನಯವಾದದ್ದು, ಕೊನೆಗೆ ಕಾಗದವೋ ಬಟ್ಟೆಯೋ ಗೊತ್ತಾಗದಷ್ಟು ನುಣುಪಾದದ್ದು. ಒಂದು ಗೀರನ್ನು ಅಳಿಸಲು ಅದಕ್ಕಿಂತ ಸಣ್ಣ ನೂರು ಗೀರು ಎಳೆಯಬೇಕು, ಆ ನೂರನ್ನು ಅಳಿಸಲು ಇನ್ನೂ ಸಣ್ಣ ಸಾವಿರ. ಅದಾದ ಮೇಲೆ ಮೋಟರಿನಲ್ಲಿ ತಿರುಗುವ ಬಟ್ಟೆಯ ಬಿಲ್ಲೆ, ಅದೇ ಬಫ್, ಅದಕ್ಕೆ ಹಚ್ಚುವ ಸೋಪು. ಕಪ್ಪು ಹೊಗೆ, ಕಪ್ಪು ಕೈ, ಕಪ್ಪು ಮೂಗು. ಕೊನೆಗೆ ಜಿಡ್ಡು ತೆಗೆಯುವ ಥಿನ್ನರಿನಿಂದ ಒರೆಸಿ, ಮೇಲೆ ನೀರಿನಂತೆ ಬಣ್ಣವಿಲ್ಲದ ಒಂದು ಲೇಪ ಹೊಡೆಯುತ್ತಾರೆ. ಅದಕ್ಕೆ ಲ್ಯಾಕರ್ ಅನ್ನುತ್ತಾರೆ. ಹೊಳಪನ್ನು ಗಾಳಿ, ನೀರು ಮುಟ್ಟದಂತೆ ಕಾಯುವುದು ಅದೇ.

ಥಿನ್ನರ್ ಒರೆಸಿದ ಮೇಲೆ, ಲ್ಯಾಕರ್ ಹೊಡೆಯುವ ಮೊದಲು, ಚಕ್ರವನ್ನು ಬರಿಗೈಯಲ್ಲಿ ಮುಟ್ಟಬಾರದು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ನಿಯಮ ಇಲ್ಲ. ಮುಟ್ಟಿದರೆ ಅವತ್ತು ಏನೂ ಕಾಣುವುದಿಲ್ಲ. ಆದರೆ ಬೆರಳಿನ ಬೆವರಿನ ಉಪ್ಪು ಲ್ಯಾಕರಿನ ಕೆಳಗೆ ಸಿಕ್ಕಿಕೊಂಡು ಮೆಲ್ಲಗೆ ಲೋಹವನ್ನು ತಿನ್ನುತ್ತದೆ. ಆರು ತಿಂಗಳೋ ಎಂಟು ತಿಂಗಳೋ ಕಳೆದ ಮೇಲೆ ಬೆರಳಿನ ಗುರುತು ಬೆಳ್ಳಗೆ ಎದ್ದು ಬರುತ್ತದೆ, ಗೆರೆ ಗೆರೆಯೂ ಕಾಣುವ ಹಾಗೆ. ಮೇಲಿನಿಂದ ಎಷ್ಟು ಉಜ್ಜಿದರೂ ಹೋಗದು. ಲ್ಯಾಕರ್ ಕಿತ್ತು ಮೊದಲಿನಿಂದ ಶುರು ಮಾಡಬೇಕು.

ಕನ್ನಡಿಗೆ ಒಂದು ಚಟವಿತ್ತು. ಕೆಲಸ ಮುಗಿಯುವಾಗ ಬಲಗೈ ಗ್ಲೌಸ್ ತೆಗೆದು ಚಕ್ರದ ಮೇಲೆ ಹೆಬ್ಬೆರಳು ಆಡಿಸಿ ನೋಡುವುದು. “ಕಣ್ಣು ಮೋಸ ಮಾಡುತ್ತೆ ಅಕ್ಕ, ಬೆರಳು ಮಾಡಲ್ಲ” ಅನ್ನುತ್ತಿದ್ದ. ನಿಜ ಏನೆಂದರೆ ಅವನ ಕಣ್ಣು ಆಗಲೇ ಮಂಜಾಗಿತ್ತು, ಕನ್ನಡಕ ಹಾಕಲು ಜಂಬ ಬಿಡುತ್ತಿರಲಿಲ್ಲ. ಆ ಹೆಬ್ಬೆರಳೂ ನೆಟ್ಟಗಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಬಫ್‌ಗೆ ಸಿಕ್ಕಿಕೊಂಡ ಚಕ್ರ ತಿರುಗಿ ಬೆರಳನ್ನು ಸೀಳಿತ್ತು. ಗಾಯ ಮಾಯ್ದು, ತುದಿಯಿಂದ ಬುಡದವರೆಗೆ ಓರೆಯಾಗಿ ಒಂದು ಗೀರು ಉಳಿದಿತ್ತು.

ಪಾಪು ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವಳು ಶಾಲೆಯಲ್ಲಿದ್ದಳು. ಅವನೇ ಜಡೆ ಹಾಕಿ ಕಳಿಸುತ್ತಿದ್ದನಂತೆ. ಕೈಗೆ ಹತ್ತಿದ ಕಪ್ಪು ಅವಳ ಜಡೆಯ ರಿಬ್ಬನ್ನಿಗೂ ಹತ್ತಿ, ಶಾಲೆಯಲ್ಲಿ ಎಲ್ಲರ ರಿಬ್ಬನ್ ಬಿಳಿ ಆದರೆ ಇವಳದು ಬೂದು. ಮೂವತ್ತಾರು ವರ್ಷ ತುಂಬಿದ ಹೆಂಗಸನ್ನೂ ಅವನು ಪಾಪು ಎಂದೇ ಕರೆಯುತ್ತಿದ್ದ. ಬೀದಿಯವರೆಲ್ಲ ಹಾಗೇ ಕರೆದರು. ಮೂರು ಮಕ್ಕಳ ತಂದೆಯಾದ ಪಂಚರ್‌ನವನೂ “ಪಾಪೂ, ಟೈರ್ ರೆಡಿ” ಎಂದು ಕೂಗುವಾಗ ಹೊಸ ಗಿರಾಕಿಗಳು ಮಗು ಎಲ್ಲಿದೆ ಎಂದು ಹುಡುಕುತ್ತಿದ್ದರು. ಮದುವೆಯ ಮಾತು ಇಬ್ಬರಿಗೂ ಬಂತು, ಹೋಯಿತು. “ಮೊದಲು ಅವಳದು ಆಗಲಿ” ಎಂದು ಅವನು, “ಮೊದಲು ಅವನದು” ಎಂದು ಅವಳು. ಇಬ್ಬರೂ ದಾರಿ ಬಿಟ್ಟುಕೊಟ್ಟು ಬಾಗಿಲಲ್ಲೇ ನಿಂತರು.

ಕೆಲಸದಲ್ಲಿ ಪಾಪುವಿನ ಕೈ ಅವನದಕ್ಕಿಂತ ಸೂಕ್ಷ್ಮ. ಚಕ್ರದ ನಡುವಿನಿಂದ ಅಂಚಿಗೆ ಚಾಚಿದ ತೋಳುಗಳ ಸಂದಿಯಲ್ಲಿ, ಮೋಟರ್ ಹೋಗದ ಜಾಗಗಳಲ್ಲಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಗಂಟೆಗಟ್ಟಲೆ ಉಜ್ಜುವಳು. ನಾಲ್ಕು ಗಂಟೆಗೆ ನನ್ನ ಅಂಗಡಿಗೆ ಬಂದು ಬನ್ನು ತಿನ್ನುವಳು. ಸಂಜೆ ಅಣ್ಣನ ಬೈಕಿನ ಹಿಂದೆ ಕೂತು ಮನೆಗೆ ಹೋಗುವಳು. ಆ ಬೈಕಿನ ಸೀಟು ಹೊಲಿದವಳು ನಾನೇ.

ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಫೋಟೋ ಸ್ಟುಡಿಯೋದವನು ತನ್ನ ಚಕ್ರವನ್ನು ವಾಪಸ್ ತಂದ. ಏಳು ತಿಂಗಳ ಹಿಂದೆ ಹೊಳಪು ಹಾಕಿಸಿಕೊಂಡು ಹೋಗಿದ್ದ ಚಕ್ರ. ತೋಳಿನ ಮೇಲೆ ಬಿಳಿಯ ಹೆಬ್ಬೆಟ್ಟು ಎದ್ದಿತ್ತು. ಚಕ್ರವನ್ನು ಅವನ ಕೈಯಿಂದ ಮೊದಲು ತೆಗೆದುಕೊಂಡವಳು ಪಾಪು. ನಾನು ಅಲ್ಲೇ ಇದ್ದೆ, ಪಂಚರ್‌ನವನೂ ಇದ್ದ. ಸ್ಟುಡಿಯೋದವನು ಗಟ್ಟಿ ದನಿಯಲ್ಲಿ, “ಇದೇನಾ ನಿಮ್ಮ ಕನ್ನಡಿ? ಬೆರಳಚ್ಚು ಒತ್ತಿ ಕಳಿಸಿದೀರಲ್ಲ!” ಅಂದ.

ಕನ್ನಡಿಗೆ ತಲೆ ಕೆಟ್ಟಿತು. ಗಿರಾಕಿಯ ಮೇಲೆ ರೇಗುವಂತಿಲ್ಲ. ಪಕ್ಕದಲ್ಲಿ ಇದ್ದವಳು ತಂಗಿ.

“ನೂರು ಸಲ ಹೇಳಿದೀನಿ, ಗ್ಲೌಸ್ ಇಲ್ದೆ ಮುಟ್ಟಬೇಡ ಅಂತ! ನಿನ್ನ ಕೈ ತಾಗಿದ್ದೆಲ್ಲ ಹಾಳು!”

ಪಾಪು ಚಕ್ರವನ್ನು ಬೆಳಕಿಗೆ ಹಿಡಿದಳು. ಆ ಗುರುತನ್ನು ನೋಡಿದಳು. ಅಣ್ಣನ ಮುಖ ನೋಡಿದಳು. ಸ್ಟುಡಿಯೋದವನನ್ನೂ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, “ಅಣ್ಣಾ, ಒಂದ್ಸಲ ನೀನೇ ಸರಿಯಾಗಿ ನೋಡು” ಅಂದಳು.

“ಏನು ನೋಡೋದು? ನೋಡೋಕೆ ಏನು ಉಳಿಸಿದೀಯ?” ಎಂದು ಚಕ್ರವನ್ನು ಕಿತ್ತುಕೊಂಡು, ಸ್ಟುಡಿಯೋದವನ ಎದುರಲ್ಲೇ ಲ್ಯಾಕರ್ ಕಿತ್ತು ಬಫ್‌ಗೆ ಹಿಡಿದ. ಐದು ನಿಮಿಷದಲ್ಲಿ ಗುರುತು ಹೋಯಿತು.

ಪಾಪು ಹನ್ನೆರಡು ದಿನ ಮೊದಲಿನ ಹಾಗೇ ಬಂದು ಕೆಲಸ ಮಾಡಿದಳು. ನಾಲ್ಕು ಗಂಟೆಗೆ ಬನ್ನು ತಿಂದಳು, ಮಾತು ಮಾತ್ರ ಆಡಲಿಲ್ಲ. ಆ ಹನ್ನೆರಡು ದಿನ ಅವಳು ಏನನ್ನೋ ಕಾಯುತ್ತಿದ್ದಳು ಎಂದು ನನಗೆ ಅನ್ನಿಸಿತ್ತು. ಅಣ್ಣ ಕ್ಷಮಿಸು ಅನ್ನಲಿ ಎಂದು ಕಾಯುತ್ತಿದ್ದಾಳೆ ಎಂದುಕೊಂಡೆ. ಹದಿಮೂರನೆಯ ದಿನ ತನ್ನ ಬಿಳಿ ಹತ್ತಿಯ ಗ್ಲೌಸ್ ಒಗೆದು ಗೋಡೆಯ ಮೊಳೆಗೆ ನೇತುಹಾಕಿ, ಹತ್ತು ತಾಸು ದೂರದ ಊರಿಗೆ ಬಸ್ಸು ಹತ್ತಿದಳು. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು ಒರೆಸಿ ಜೋಡಿಸುವ ಕೆಲಸ ಸಿಕ್ಕಿತು.

“ಎರಡು ದಿನಕ್ಕೆ ಬರ್ತಾಳೆ” ಅಂದ ಕನ್ನಡಿ. ಎರಡು ವಾರವಾಯಿತು. “ತಪ್ಪು ಮಾಡಿದೋರು ಅವರಾಗೇ ಬರಲಿ” ಅಂದ. ಎರಡು ವರ್ಷವಾಯಿತು. ಆಮೇಲೆ ಏನೂ ಅನ್ನುವುದನ್ನೇ ಬಿಟ್ಟ. ಆದರೆ ಮೊಳೆಗೆ ನೇತುಬಿದ್ದ ಗ್ಲೌಸ್ ಮೇಲೆ ಕಪ್ಪು ಪುಡಿ ಕೂರುತ್ತದಲ್ಲ, ಅದನ್ನು ತಿಂಗಳಿಗೊಮ್ಮೆ ತೆಗೆದು ಒಗೆದು, ಹಿಂಡಿ, ಮತ್ತೆ ಅದೇ ಮೊಳೆಗೆ ಹಾಕುತ್ತಿದ್ದ. ಒಂದು ಸಲ ಒಗೆಯುವಾಗ ನಾನು ನೋಡಿದೆ. ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ನೆಟ್ಟಗೆ ಮಾಡುತ್ತಿದ್ದ. ಹೋಗಿ ಬಯ್ಯಬೇಕು ಎಂದುಕೊಂಡವಳು ಒಳಗೆ ಬಂದು ಕೂತೆ. ಅವನ ಬೈಕಿನ ಹಿಂದಿನ ಸೀಟು ಹರಿದು ಸ್ಪಂಜು ಹೊರಗೆ ಬಂದಿತ್ತು. “ಕೊಡಪ್ಪ, ಹೊಲಿದುಕೊಡ್ತೀನಿ, ನಂಗೇ ನಾಚಿಕೆ ಆಗುತ್ತೆ” ಅಂದರೆ, “ಹಿಂದೆ ಕೂರೋರು ಯಾರಿದಾರೆ ಬಿಡಕ್ಕ” ಅನ್ನುತ್ತಿದ್ದ.

ಪಾಪುವಿನ ಹತ್ತಿರವೂ ನಾನು ಕೇಳದೆ ಬಿಟ್ಟಿಲ್ಲ. “ಒಂದು ಮಾತಿಗೆ ಇಷ್ಟು ವರ್ಷವೇನೇ?” ಅಂದರೆ, “ಮಾತಿಗಲ್ಲ ಅಕ್ಕ” ಅನ್ನುವಳು. ಮತ್ತೆ ಯಾಕೆ ಎಂದರೆ, “ಅಣ್ಣ ಕನ್ನಡಕ ಹಾಕ್ಕೊಂಡ್ನಾ?” ಎಂದು ಮಾತು ತಿರುಗಿಸುವಳು. ಅವಳದೂ ಒಂದು ಹುಚ್ಚು ಎಂದುಕೊಳ್ಳುತ್ತಿದ್ದೆ.

ಹೋದ ವರ್ಷ ಕಡೆಗೂ ಅವನು ಕನ್ನಡಕ ಹಾಕಿಕೊಂಡ. ಹಿಂದಿನಿಂದ ಬಂದ ಸೈಕಲ್ಲಿನವನನ್ನು ನಾನು ಎಂದು ತಿಳಿದು ಮಾತಾಡಿಸಿದ ಮೇಲೆ ನಾನೇ ಕತ್ತು ಹಿಡಿದು ಕರೆದುಕೊಂಡು ಹೋಗಿದ್ದೆ. ಹಾಕಿಕೊಂಡ ದಿನ ತನ್ನ ಅಂಗಡಿಯ ಗೋಡೆ ನೋಡಿ, “ಇಷ್ಟು ಗಲೀಜಾಗಿತ್ತಾ ಅಕ್ಕ?” ಎಂದ.

ಅದಾಗಿ ಸುಮಾರು ಹತ್ತು ತಿಂಗಳಿಗೆ, ಒಂದು ಗುರುವಾರ, ಬೈಕ್ ಕಲಿಸುವ ಮೇಷ್ಟ್ರು ಬಂದರು. ಅವರಿಗೆ ಅವರ ಬೈಕ್ ಅಂದರೆ ಪ್ರಾಣ. ದಿನಾ ಯಾರೋ ಕಲಿಯುವವರು ಅದನ್ನು ಗೋಡೆಗೆ ಗುದ್ದಿಸುತ್ತಾರೆ, ದಿನಾ ಇವರು ಅದನ್ನು ಒರೆಸುತ್ತಾರೆ. ಬಗ್ಗಿ ಕೂತು ಚಕ್ರ ನೋಡುವ ಮನುಷ್ಯ ಊರಿಗೆ ಅವರೊಬ್ಬರೇ ಇರಬೇಕು. ಬೇರೆಯವರ ಚಕ್ರದಲ್ಲಿ ಏನೇ ಎದ್ದರೂ ಕೆಸರಿನಡಿ ಯಾರಿಗೂ ಕಾಣುವುದಿಲ್ಲ. ಹಿಂದಿನ ಚಕ್ರದಲ್ಲಿ ಏನೋ ಬೆಳ್ಳಗೆ ಬಂದಿದೆ, ಶನಿವಾರ ಹೊಸ ತಂಡ ಶುರು, ಅಷ್ಟರೊಳಗೆ ಸರಿ ಮಾಡಿಕೊಡಪ್ಪ ಎಂದು ಚಕ್ರ ಬಿಚ್ಚಿಸಿ ಕೊಟ್ಟು ಹೋದರು.

ಆಮೇಲೆ ಬಹಳ ಹೊತ್ತು ಹಲಗೆಯ ಆಚೆಯಿಂದ ಸದ್ದೇ ಇಲ್ಲ. ಮೋಟರ್ ಇಲ್ಲ, ಬ್ರಷ್ ಇಲ್ಲ, ಕೆಮ್ಮು ಕೂಡ ಇಲ್ಲ. ನಾನು ಏಳಬೇಕು ಅನ್ನುವಷ್ಟರಲ್ಲಿ ಅವನೇ ಬಂದ. ಸೋಮವಾರ ಅಲ್ಲ, ಚಹಾ ಇಲ್ಲ. ಎರಡೂ ಕೈಯಲ್ಲಿ ಚಕ್ರ.

“ಅಕ್ಕಾ, ಇದನ್ನ ನೋಡು.”

ನೋಡಿದೆ. ತೋಳಿನ ಮೇಲೆ, ಗಾಳಿ ತುಂಬುವ ಬಾಯಿಯ ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿದ್ದವು. ಆ ಗೆರೆಗಳನ್ನೆಲ್ಲ ಕತ್ತರಿಸಿಕೊಂಡು, ತುದಿಯಿಂದ ಬುಡದವರೆಗೆ ಓರೆಯಾಗಿ ಒಂದು ಗೀರು.

ಅವನು ತನ್ನ ಬಲಗೈ ಹೆಬ್ಬೆರಳನ್ನು ಅದರ ಪಕ್ಕದಲ್ಲಿ ಹಿಡಿದ. ಹೋಲಿಸಿ ನೋಡುವ ಅಗತ್ಯವೇ ಇರಲಿಲ್ಲ.

“ಒಂಬತ್ತು ವರ್ಷದಿಂದ ಆ ಅಂಗಡೀಲಿ ನಾನೊಬ್ಬನೇ ಅಕ್ಕ” ಎಂದ. “ಬೇರೆ ಯಾರು ಮುಟ್ತಾರೆ?”

ನನಗೂ ಆಗ ಆ ಮಧ್ಯಾಹ್ನವೇ ಕಣ್ಣ ಮುಂದೆ ಬಂದಿತ್ತು.

“ಅವತ್ತು ಅವಳು, ಸರಿಯಾಗಿ ನೋಡು ಅಂದ್ಲು. ಅಲ್ವಾ?”

“ಅಂದ್ಲು.”

“ನೀನೂ ಕೇಳಿಸ್ಕೊಂಡೆ ತಾನೆ?”

“ಕೇಳಿಸ್ಕೊಂಡೆ. ಬೀದಿಯೇ ಕೇಳಿಸ್ಕೊಂಡಿತು. ನಿಂಗೊಬ್ಬಂಗೆ ಕೇಳಿಸಲಿಲ್ಲ.”

ಅವನು ಹೊಲಿಯದೆ ಬಿದ್ದಿದ್ದ ಸೀಟುಗಳ ರಾಶಿಯ ಮೇಲೆ ಕೂತುಬಿಟ್ಟ. ನನಗೆ ಅವನ ಮೇಲೆ ಸಿಟ್ಟು ಉಕ್ಕಿ ಬಂತು. ನಾಲ್ಕು ಮಾತು ಝಾಡಿಸಿ ಬಿಡೋಣ ಎಂದು ನೋಡಿದರೆ, ಕನ್ನಡಕದ ಹಿಂದೆ ಅವನ ಕಣ್ಣು ತುಂಬಿತ್ತು. ಕಪ್ಪು ಕೈಯಿಂದ ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಸಿಟ್ಟು ಅರ್ಧಕ್ಕೇ ನಿಂತಿತು.

“ಫೋನ್ ಹಚ್ಚಲಾ?” ಅಂದೆ.

“ಏನಂತ ಹೇಳ್ಲಿ?”

“ಮಳೆಯಾ ಅಂತ ಕೇಳು.”

ಮೂರು ಗಂಟೆಯಾಗಿತ್ತು. ಅವಳ ಪಾಳಿ ಮುಗಿಯುವ ಹೊತ್ತು. ಅವನ ಕೈ ತುಂಬ ಸೋಪಿನ ಕಪ್ಪು, ಫೋನ್ ನಾನೇ ಹಿಡಿದೆ, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ಎರಡನೆಯ ರಿಂಗಿಗೇ ಅವಳು ಎತ್ತಿದಳು.

“ಅಕ್ಕಾ? ಇವತ್ತು ಗುರುವಾರ ಅಲ್ವಾ? ಏನಾಯ್ತು? ಅಣ್ಣಂಗೆ ಏನಾದ್ರೂ ಆಯ್ತಾ?”

ಅವನು ಆ ಮಾತನ್ನು ಕೇಳಿಸಿಕೊಂಡ. ಕೇಳಿಸಿಕೊಂಡು ತಲೆ ತಗ್ಗಿಸಿದ. ಆಮೇಲೆ ಫೋನಿನ ಕಡೆ ಬಗ್ಗಿ, “ಪಾಪೂ” ಅಂದ.

ಆ ಕಡೆಯಿಂದ ಯಾರೋ ಟ್ರಾಲಿ ತಳ್ಳಿಕೊಂಡು ಹೋದ ಸಪ್ಪಳ ಮಾತ್ರ ಕೇಳಿಸಿತು.

“ಮೇಷ್ಟ್ರ ಚಕ್ರ ವಾಪಸ್ ಬಂದಿದೆ” ಎಂದ ಕನ್ನಡಿ. ಒಂಬತ್ತು ವರ್ಷದ ನಂತರ ತಂಗಿಗೆ ಆಡಿದ ಮೊದಲ ಮಾತು ಅದು. “ಬೆರಳು ಎದ್ದಿದೆ.”

“ಯಾವ ಜಾಗದಲ್ಲಿ?”

“ತೋಳಿನ ಮೇಲೆ. ಗಾಳಿ ಬಾಯಿ ಪಕ್ಕ.”

“ಓರೆಯಾಗಿ ಒಂದು ಗೀರು ಇದೆಯಾ?” ಅಂದಳು ಪಾಪು.

ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

“ಇದೆ” ಎಂದ.

“ಅವತ್ತೂ ಇತ್ತು.”

“ನಿಂಗೆ ಗೊತ್ತಿತ್ತಾ?”

“ಕೈಗೆ ತಗೊಂಡ ಕೂಡಲೇ ಗೊತ್ತಾಯ್ತು. ನಿನ್ನ ಬೆರಳು ನಂಗೆ ಗೊತ್ತಿಲ್ವಾ? ಜಡೆ ಹಾಕೋವಾಗ ಆ ಗೀರಿಗೆ ನನ್ನ ಕೂದಲು ಸಿಕ್ಕಿಕೊಳ್ತಿತ್ತು.”

“ಮತ್ತೆ ಹೇಳೋದಲ್ವಾ?”

“ಸ್ಟುಡಿಯೋದವನ ಮುಂದೆನಾ? ನಿನ್ನ ಕೈ ಅನ್ನೋದೇ ಅಂಗಡಿಗೆ ಬೋರ್ಡು. ಅದನ್ನ ನಾನೇ ಕಿತ್ತು ಹಾಕ್ಲಾ? ಅದಕ್ಕೇ ನೋಡು ಅಂದೆ. ನೀನು ನೋಡ್ಲೇ ಇಲ್ಲ. ಉಜ್ಜಿಬಿಟ್ಟೆ. ಆಮೇಲೆ ತೋರಿಸೋಕೆ ನನ್ನ ಹತ್ರ ಏನಿತ್ತು? ನೀನಾಗೇ ನಿನ್ನ ಬೆರಳು ನೋಡ್ಕೋತೀಯೇನೋ ಅಂತ ಹನ್ನೆರಡು ದಿನ ಕಾದೆ.”

ಅವನು ಚಕ್ರವನ್ನು ತೊಡೆಯ ಮೇಲೆ ಎಳೆದುಕೊಂಡ.

“ನೀನು ಬೆರಳಾಡಿಸಿದ ಮೇಲೆ ದಿನಾ ನಾನು ಹಿಂದಿನಿಂದ ಬಂದು ಇನ್ನೊಂದ್ಸಲ ಥಿನ್ನರ್ ಒರೆಸ್ತಿದ್ದೆ. ಹದಿನಾರು ವರ್ಷ. ಆ ಒಂದು ಚಕ್ರಕ್ಕೆ ಮರೆತೆ. ಹಾಗೆ ನೋಡಿದ್ರೆ ತಪ್ಪು ನಂದೂ ಹೌದು. ಆದ್ರೆ ನೀನು ಅಂದ ಮಾತು...” ಅದನ್ನು ಅಲ್ಲಿಗೇ ಬಿಟ್ಟು ಬೇರೆ ಕಡೆಯಿಂದ ಶುರು ಮಾಡಿದಳು. “ಇಲ್ಲಿ ದಿನಾ ಕೈ ತೊಳೀತೀನಲ್ಲ ಅಣ್ಣ, ದಿನಾ ಆ ಮಾತು ಜ್ಞಾಪಕ ಬರುತ್ತೆ.”

“ಹಾಳು ಮಾಡಿದ್ದು ನನ್ನ ಕೈ ಪಾಪು” ಎಂದ ಅವನು. “ನಿಂದಲ್ಲ. ಒಂದು ದಿನಾನೂ ನಿಂದಲ್ಲ.” ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು. ಕಪ್ಪಾದರೂ ಚಿಂತೆಯಿಲ್ಲ ಎಂದು ಕನ್ನಡಕ ಮೇಲೆತ್ತಿ ಮುಂಗೈಯಿಂದ ಕಣ್ಣೊರೆಸಿಕೊಂಡ. ಅವಳು ಕೇಳಿದಳು:

“ಅದನ್ನ ಉಜ್ಜಿಬಿಟ್ಯಾ?”

“ಇಲ್ಲ.”

“ಉಜ್ಜಬೇಡ. ಇಟ್ಟಿರು. ನಾನು ಬಂದು ನೋಡ್ತೀನಿ.”

ಆದರೆ ಚಕ್ರ ಮೇಷ್ಟ್ರದ್ದು, ಶನಿವಾರ ಅವರಿಗೆ ಬೇಕು. ಕನ್ನಡಿ ತಲೆ ಕೆರೆದುಕೊಳ್ಳಲಿಲ್ಲ. ಅವನದೂ ಅದೇ ಮಾದರಿಯ ಬೈಕು. ಶುಕ್ರವಾರ ತನ್ನ ಹಿಂದಿನ ಚಕ್ರವನ್ನು ಬಿಚ್ಚಿ, ಉಜ್ಜಿ, ಈ ಸಲ ಎರಡೂ ಕೈಗೆ ಗ್ಲೌಸ್ ಹಾಕಿಕೊಂಡು ಲ್ಯಾಕರ್ ಹೊಡೆದು ಮೇಷ್ಟ್ರಿಗೆ ಕೊಟ್ಟ. ಮೇಷ್ಟ್ರು ಹತ್ತು ಸಲ ತಿರುಗಿಸಿ ನೋಡಿ, “ನನ್ನ ಚಕ್ರಕ್ಕಿಂತ ಇದೇ ಚೆನ್ನಾಗಿದೆಯಲ್ಲೋ, ನಿಂಗೇನು ಬಂತು?” ಎಂದರು. ಹೆಬ್ಬೆಟ್ಟಿನ ಚಕ್ರ ಅವನ ಬೈಕಿಗೆ ಹೋಯಿತು. ಆಮೇಲೆ ಸೀಟನ್ನು ಬಿಚ್ಚಿಕೊಂಡು ನನ್ನ ಬಳಿ ಬಂದ. “ಹಿಂದಿನ ಭಾಗ ಸ್ವಲ್ಪ ಮೆತ್ತಗೆ ಮಾಡಕ್ಕ” ಎಂದ. ನಾನು ಎರಡು ಪದರ ಸ್ಪಂಜು ಹಾಕಿದೆ.

ಅವಳಿಗೆ ರಜೆ ಸಿಕ್ಕಿದ್ದು ಮೂರು ವಾರದ ಮೇಲೆ, ಅದೂ ಮೂರೇ ದಿನ. ಆ ಮೂರು ವಾರದಲ್ಲಿ ಅವನು ಅಂಗಡಿಯ ಗೋಡೆ ತೊಳೆದ, ಗ್ಲೌಸ್ ಎರಡು ಸಲ ಒಗೆದ, ಮನೆಯ ನಲ್ಲಿ ಸೋರುವುದನ್ನು ನಿಲ್ಲಿಸಿದ. ಸೋಮವಾರ ಚಹಾ ತಂದು ಮತ್ತೆ, “ಅಲ್ಲಿ ಮಳೆಯಂತಾ?” ಎಂದ. “ಈಗ ನೀನೇ ದಿನಾ ಫೋನ್ ಮಾಡ್ತೀಯಲ್ಲೋ, ಕೇಳೋದಲ್ವಾ?” ಅಂದರೆ, “ಮಾತಾಡ್ತಾ ಮಾತಾಡ್ತಾ ಅದೊಂದು ಮರೆತುಹೋಯ್ತು” ಎಂದು ನಕ್ಕ. ಅವನ ಹಲ್ಲು ನೋಡಿ ವರ್ಷಗಳೇ ಆಗಿದ್ದವು.

ಬಸ್ ನಿಲ್ದಾಣದಿಂದ ಅವಳನ್ನು ಕೂರಿಸಿಕೊಂಡು ಬಂದಾಗ ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಕೂದಲು ಅರ್ಧ ಬೆಳ್ಳಗಾಗಿತ್ತು. ಇಳಿದವಳು ನನ್ನ ಕಡೆ ಕೈ ಬೀಸಿ, ಅಲ್ಲೇ ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಚೀಲದಿಂದ ತನ್ನ ಕನ್ನಡಕ ತೆಗೆದು ಹಾಕಿಕೊಂಡಳು. ಹಿಂದಿನ ಚಕ್ರವನ್ನು ಬಹಳ ಹೊತ್ತು ನೋಡಿದಳು. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ಚೆನ್ನಾಗೇ ಎದ್ದಿದೆ” ಎಂದಳು. ಆಮೇಲೆ, “ಚೈನ್ ಪಕ್ಕ ಗ್ರೀಸ್ ಹಾಗೇ ಇದೆಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?”

ಅದಕ್ಕೆ ಅವನು ಅತ್ತೇಬಿಟ್ಟ. ಬೀದಿಯಲ್ಲಿ, ಹಾಡಹಗಲಲ್ಲಿ. ಪಂಚರ್‌ನವನು ನೋಡಿಯೂ ನೋಡದವನಂತೆ ಟೈರ್ ಒಳಗೆ ತಲೆ ತೂರಿಸಿದ.

ಎರಡನೆಯ ದಿನ ಇಬ್ಬರೂ ಸೇರಿ ಅವನ ಬೈಕಿನ ಮುಂದಿನ ಚಕ್ರ ಬಿಚ್ಚಿದರು. ಬೆಳಗ್ಗೆಯಿಂದ ಹಲಗೆಯ ಆಚೆ ಮೋಟರ್, ನಡುನಡುವೆ ಜಗಳ, ನಡುನಡುವೆ ನಗು. ನನ್ನ ಸೂಜಿ ನಡುಗಿದರೂ ನಾನು ಬಯ್ಯಲಿಲ್ಲ. ನಾಲ್ಕು ಗಂಟೆಗೆ ಬನ್ನು ತಗೊಂಡು ಹೋದೆ. ಚಕ್ರ ಕೊಕ್ಕೆಗೆ ತೂಗುತ್ತಿತ್ತು. ಮೊಳೆಯಲ್ಲಿ ಗ್ಲೌಸ್ ಇರಲಿಲ್ಲ, ಅವಳ ಕೈಯಲ್ಲಿತ್ತು. ಥಿನ್ನರ್ ಒರೆಸಿ ಮುಗಿದಿತ್ತು. ಅವನು ಲ್ಯಾಕರ್ ಗನ್ ಹಿಡಿದು, ಅವಳ ಮುಖ ನೋಡದೆ ಮೆಲ್ಲಗೆ ಹೇಳಿದ:

“ಇಲ್ಲೇ ಇದ್ದುಬಿಡು ಪಾಪು.”

“ಆಗಲ್ಲ ಅಣ್ಣ. ಅಲ್ಲಿ ನಂದೂ ಒಂದು ಮೇಜಿದೆ. ಆರು ಜನಕ್ಕೆ ನಾನು ಕೆಲಸ ಹೇಳಿಕೊಡ್ತೀನಿ. ಬಿಟ್ಟು ಬರೋಕೆ ಮನಸ್ಸಿಲ್ಲ.”

ಅವನು ತಲೆಯಾಡಿಸಿದ. ಆ ಉತ್ತರ ಅವನಿಗೆ ಗೊತ್ತಿತ್ತು. ಆದರೂ ಕೇಳದೆ ಇರಲಾಗಿರಲಿಲ್ಲ. ಅವನ ಮುಖ ನೋಡಲು ನನಗೇ ಆಗದೆ ಬನ್ನಿನ ಪೊಟ್ಟಣ ಬಿಚ್ಚತೊಡಗಿದೆ.

ಅಷ್ಟರಲ್ಲಿ ಪಾಪು ಬಲಗೈ ಗ್ಲೌಸ್ ಬಿಚ್ಚಿ ಚಕ್ರದ ಹತ್ತಿರ ಹೋದಳು.

“ಪಾಪೂ, ಕೈ!” ಎಂದು ಅವನು ಕಿರುಚಿದ. ಹಳೆಯ ಕಿರುಚಾಟವೇ. ಕಿರುಚಿ ಆಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ನಿಲ್ಲಿಸಲಿಲ್ಲ. ಗಾಳಿ ಬಾಯಿಯ ಪಕ್ಕದ ತೋಳಿನ ಮೇಲೆ, ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಜಾಗದಲ್ಲಿ, ಬರಿಯ ಹೆಬ್ಬೆರಳನ್ನು ಇಟ್ಟು ಗಟ್ಟಿಯಾಗಿ ಒತ್ತಿದಳು. ತೆಗೆದ ಮೇಲೆ ಅಲ್ಲಿ ಒಂದು ಮಂಜು ಕಂಡಿತು. ನೋಡುತ್ತಿದ್ದಂತೆ ಅದೂ ಆರಿತು.

“ಈಗ ಹೊಡಿ ಲ್ಯಾಕರ್” ಎಂದಳು.

“ಅಲ್ವೇ...”

“ಹೊಡಿ ಅಣ್ಣ. ಹಿಂದೆ ನಿಂದು ಇದೆ, ಮುಂದೆ ನಂದು ಬರುತ್ತೆ. ಆರು ತಿಂಗಳು ಹಿಡೀಬಹುದು. ನಾನು ಒಂಬತ್ತು ವರ್ಷ ಕಾದಿದೀನಿ, ನೀನು ಆರು ತಿಂಗಳು ಕಾಯಿ.”

ಅವನು ಹೊಡೆದ. ಅವನ ಜೀವಮಾನದಲ್ಲಿ ಗೊತ್ತಿದ್ದೂ ಕೆಡಿಸಿದ ಚಕ್ರ ಅದೊಂದೇ. ಎರಡು ಪದರ, ನಿಧಾನವಾಗಿ, ಒಂದು ಹನಿಯೂ ಇಳಿಯದ ಹಾಗೆ. ಮರುದಿನ ಅವಳು ಹೋದಳು. ಗ್ಲೌಸ್ ಮತ್ತೆ ಮೊಳೆಗೆ ಬಂತು.

ಇದಾಗಿ ಈಗ ನಾಲ್ಕು ತಿಂಗಳು. ಅಂಗಡಿ ತೆರೆಯುವ ಮೊದಲು ಅವನು ಬೈಕ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಮುಂದಿನ ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂರುತ್ತಾನೆ. ನಾನು ನನ್ನ ಬಾಗಿಲಿನಿಂದ ಕೇಳುತ್ತೇನೆ, “ಬಂತೇನೋ?”

“ಇನ್ನೂ ಇಲ್ಲ ಅಕ್ಕ.”

ನೀರು ಬಿದ್ದರೆ ಬೇಗ ಏಳುತ್ತದಂತೆ, ತೇವಕ್ಕೆ. ಹಾಗೆಂದು ಅವನೇ ನನಗೆ ಹೇಳಿದ್ದ, ಅದೂ ಹಳೆಯ ಕಾಲದಲ್ಲಿ, ಗಿರಾಕಿಗಳಿಗೆ ಬುದ್ಧಿ ಹೇಳುವಾಗ. ಅವನು ಉಜ್ಜಿದ ಚಕ್ರದ ಮೇಲೆ ಒಂದು ಹನಿ ಬಿದ್ದರೂ ಓಡಿ ಬಂದು ಒರೆಸುವ ಮನುಷ್ಯ.

ನಿನ್ನೆ ಮಧ್ಯಾಹ್ನ ಈ ವರ್ಷದ ಮೊದಲ ಮಳೆ ಬಂತು. ಬೀದಿಯಲ್ಲಿ ಎಲ್ಲರೂ ತಮ್ಮ ತಮ್ಮ ಬೈಕುಗಳನ್ನು ಒಳಗೆ ಎಳೆದುಕೊಳ್ಳಲು ಓಡಿದರು. ನಾನು ಹೊರಗೆ ಒಣಗಿಸಿದ್ದ ಸೀಟುಗಳನ್ನು ಬಾಚಿ ತಬ್ಬಿಕೊಂಡು ತಿರುಗಿದರೆ, ಕನ್ನಡಿ ತನ್ನ ಬೈಕನ್ನು ಚಾವಣಿಯ ಕೆಳಗಿನಿಂದ ತಳ್ಳಿಕೊಂಡು ಹೋಗಿ ನಡುಬೀದಿಯಲ್ಲಿ ನಿಲ್ಲಿಸುತ್ತಿದ್ದ. ಮುಂದಿನ ಚಕ್ರವನ್ನು ಮಳೆ ಬೀಳುವ ಕಡೆಗೆ ತಿರುಗಿಸಿ, ಓಡಿ ಬಂದು ಸೂರಿನ ಕೆಳಗೆ ನಿಂತು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನ್ ತೆಗೆದ.

“ಪಾಪೂ, ಇಲ್ಲಿ ಮಳೆ” ಎಂದ.

ಅವಳು ಏನು ಕೇಳಿದಳೋ ನನಗೆ ಕೇಳಿಸಲಿಲ್ಲ.

“ಹೂಂ, ಹೊರಗೇ ನಿಲ್ಲಿಸಿದೀನಿ” ಎಂದ ಅವನು.